ಎಡಗಡೆಯ ಕರಿ ಹಡಗು

ಆಳಂದದ ನಮ್ಮ ಮನೆಯಲ್ಲಿ ಒಂದು ಸಮುದ್ರವಿದೆ. ಮುಚ್ಚಿದರೆ ಕನ್ನಡಕದ ಡಬ್ಬಿಯಷ್ಟಾಗಿ ಅಡುಗೆಮನೆಯ ಗೋಡೆಯ ಮಾಡದಲ್ಲಿ ಖಾರಪುಡಿ, ಮಸಾಲೆ ಡಬ್ಬಿಗಳ ಸಾಲಿಗೆ ಕೂರುತ್ತದೆ. ತೆರೆದರೆ ಮೇಲೊಂದು ಕೆಳಗೊಂದು ಎರಡು ಪರದೆ. ಮೇಲಿನದರಲ್ಲಿ ಹಡಗು ಮತ್ತು ನೀರು, ಕೆಳಗಿನದರಲ್ಲಿ ನಕಾಶೆ. ಸಣ್ಣದೊಂದು ಪ್ಲಾಸ್ಟಿಕ್ ಕಡ್ಡಿ ಹಿಡಿದು ನಕಾಶೆಯ ಮೇಲೆ ಗೆರೆ ಎಳೆದರೆ ಆ ಗೆರೆ ಹಿಡಿದುಕೊಂಡೇ ಹಡಗು ಹೋಗುತ್ತದೆ. ಬಂಡೆಯ ಮೇಲೆ ಎಳೆದರೆ ಬಂಡೆಗೇ ಹೋಗಿ ಬಡಿಯುತ್ತದೆ. ಎಳೆದವರ ಕೈಯನ್ನು ಅದು ಎದುರು ಪ್ರಶ್ನೆ ಕೇಳದೆ ನಂಬುತ್ತದೆ.

ಈ ಆಟದ ಯಂತ್ರ ನನ್ನ ಮಗಳದು. ಕಡಗಂಚಿಯ ಯೂನಿವರ್ಸಿಟಿಯಲ್ಲಿ ಓದುವ ಅವಳು ಹಾಸ್ಟೆಲಿನ ಗೆಳತಿಯೊಬ್ಬಳ ಹಳೆಯ ಯಂತ್ರವನ್ನು ತೆಗೆದುಕೊಂಡಿದ್ದಳು. ಪರೀಕ್ಷೆ ಹತ್ತಿರ ಬಂದಾಗ ಮನೆಗೆ ತಂದು, "ಇದು ನನ್ನ ಕೈಯಾಗಿದ್ರ ನಾ ಓದಂಗಿಲ್ಲವ್ವಾ, ನೀನೇ ಎಲ್ಲ್ಯಾರ ಮುಚ್ಚಿಡು" ಎಂದು ಕೊಟ್ಟು ಹೋದಳು. ನಾನು ಮಸಾಲೆ ಡಬ್ಬಿಗಳ ಹಿಂದೆ ಮುಚ್ಚಿಟ್ಟೆ. ಅಡುಗೆಮನೆಯಲ್ಲಿ ಅಕ್ಕನಿಗೆ ಸಿಗದಂತೆ ಏನನ್ನಾದರೂ ಮುಚ್ಚಿಡುವುದು ನನ್ನಿಂದ ಯಾವತ್ತೂ ಆಗಿಲ್ಲ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ. ನನ್ನ ಗಂಡನ ಅಣ್ಣನ ಹೆಂಡತಿ, ನನ್ನ ನೆಗೆಣ್ಣಿ. ತವರು ಜೇವರ್ಗಿ ಕಡೆಯ ಭೀಮಾ ದಂಡೆಯ ಊರು. ಭಾವ ಕಬ್ಬಿನ ಹಂಗಾಮು ಶುರುವಾದರೆ ಹವಳಗಾದ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಹೋಗಿ ಅಲ್ಲೇ ಉಳಿಯುತ್ತಾರೆ, ವಾರಕ್ಕೊಮ್ಮೆ ಬಂದರೆ ಬಂದರು. ಕೆಳಗೆ ನಮ್ಮ ಮನೆಯವರ ಕಿರಾಣಿ ಅಂಗಡಿ, ಮೇಲೆ ನಾವು. ಚಳಿಗಾಲದ ಮಧ್ಯಾಹ್ನಗಳು ಅಕ್ಕನಿಗೂ ನನಗೂ ಸೇರಿದ್ದವು.

ಆ ಚಳಿಗಾಲ ಅಕ್ಕನ ತಲೆಯೊಳಗೆ ಏನೋ ಒಂದು ತೊಟ್ಟು ತೊಟ್ಟಾಗಿ ತುಂಬಿಕೊಳ್ಳುತ್ತಿತ್ತು. ತಡವಾಗಿದ್ದರೆ ಅವಳು ನಮಗೆ ಉಳಿಯುತ್ತಿರಲಿಲ್ಲ. ಅದು ದಿನವೂ ನಮ್ಮ ಕಣ್ಣ ಮುಂದೆಯೇ, ಆ ಸಣ್ಣ ಪರದೆಯ ಮೇಲೆ ತನ್ನನ್ನು ತೋರಿಸಿಕೊಳ್ಳುತ್ತಿತ್ತು. ನಾವು ಯಂತ್ರ ಕೆಟ್ಟಿದೆ ಎಂದುಕೊಂಡೆವು.

ಶುರುವಾದದ್ದು ಎಳ್ಳ ಅಮಾವಾಸ್ಯೆಯ ಹಿಂದಿನ ದಿನ. ಆ ಹಬ್ಬಕ್ಕೆ ನಮ್ಮ ಕಡೆ ಅಡುಗೆ ಹೊತ್ತುಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಬೇಕು. ಭೂಮಿಗೆ ಎಡೆಯಿಟ್ಟು ಹೊಲದ ಸುತ್ತ ಅನ್ನ ಎರಚಬೇಕು. ಭಜ್ಜಿ ಪಲ್ಯಕ್ಕೆ ಸೊಪ್ಪು ಸೋಸಿ, ಕಾಳು ನೆನೆಹಾಕಿ, ಶೇಂಗಾ ಹೋಳಿಗೆಗೆ ಬೆಲ್ಲ ಕುಟ್ಟಿಟ್ಟು ನೋಡಿದರೆ ಸಜ್ಜೆ ರೊಟ್ಟಿಗೆ ಎಳ್ಳು ಸಾಲದು. ಅಕ್ಕ ಅಂಗಡಿಗೆ ಇಳಿದಳು. ಶಟರ್ ಅರ್ಧ ಇಳಿದಿತ್ತು. ಒಳಗೆ ಹೋಗುವಾಗ ಬಗ್ಗಿದವಳು ಹೊರಗೆ ಬರುವಾಗ ಬಗ್ಗುವುದನ್ನು ಮರೆತಳು. ಆ ಸದ್ದು ಮೇಲೆ ಒಲೆಯ ಮುಂದೆ ಕೂತಿದ್ದ ನನಗೂ ಕೇಳಿಸಿತು.

ಓಡಿ ಇಳಿದೆ. ನಮ್ಮ ಮನೆಯವರು ನೀರಿನ ತಂಬಿಗೆ ಹಿಡಿದು ನಿಂತಿದ್ದರು. "ವೈನಿ, ರಕ್ತ ಬಂತೇನ್ರಿ?"

"ನನ್ನ ತಲಿಗೇನೂ ಆಗಿಲ್ಲ. ನಿಮ್ಮ ಶಟರ್ ಬಾಗ್ಯಾದೇನು ನೋಡ್ಕೋರಿ ಮೊದಲ," ಎಂದು ಅಕ್ಕ ತಲೆ ತಿಕ್ಕಿಕೊಳ್ಳುತ್ತಲೇ ಎಳ್ಳಿನ ಪೊಟ್ಟಣ ನನ್ನ ಕೈಗೆ ಕೊಟ್ಟಳು. ರಕ್ತ ಬಂದಿರಲಿಲ್ಲ. ಬಲಗಡೆ ಬಾರೆಹಣ್ಣಿನಷ್ಟು ಬಾತಿತ್ತು. ಅರಿಷಿಣ ಹಚ್ಚಿದೆ. ಮರುದಿನ ಅದೇ ತಲೆಯ ಮೇಲೆ ರೊಟ್ಟಿ ಬುಟ್ಟಿ ಹೊತ್ತು ಹೊಲಕ್ಕೆ ನಡೆದಳು. ಬಾವು ಇಳಿಯಿತು. ನಾವು ಮರೆತೆವು.

ಅದೇ ವಾರ ಅವಳಿಗೆ ಯಂತ್ರ ಸಿಕ್ಕಿತು.

ಸಮುದ್ರ ನಾವಿಬ್ಬರೂ ನೋಡಿದವರಲ್ಲ. ಆದರೆ ಅಕ್ಕ, "ನಾ ಭೀಮಾ ದಂಡ್ಯಾಗ ಹುಟ್ಟಿದಾಕಿ. ನೀರಂದ್ರ ನೀರೇ. ಅಲ್ಲೀದು ಉಪ್ಪ, ಇಲ್ಲೀದು ಸಪ್ಪ, ಅಷ್ಟೇ ಫರಕ," ಎಂದು ಕಡ್ಡಿ ಹಿಡಿದಳು. ಪರದೆಯ ಮೇಲಿನ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿ ಹೇಳುವುದು ನನ್ನ ಪಾಲು. ಗೆರೆ ಎಳೆಯುವುದು ಅವಳ ಪಾಲು. ಎಂಥ ಗೆರೆಗಳು! ರಂಗೋಲಿ ಹಾಕುವಾಗ ಕೈ ಎತ್ತದೆ ಬಳ್ಳಿ ಎಳೆಯುತ್ತಾಳಲ್ಲ, ಹಾಗೆ ಒಂದು ನಡುಗಡ್ಡೆಯಿಂದ ಇನ್ನೊಂದಕ್ಕೆ, ಬಂಡೆಗಳ ಸಂದಿಯಲ್ಲಿ, ಸುಳಿಗಳನ್ನು ಬಳಸಿಕೊಂಡು ಒಂದೇ ಎಳೆತ. ತೋಪು ಹಾರಿಸಬೇಕಾದಾಗ ಜೋಳದಲ್ಲಿ ಹರಳು ಆರಿಸಿದಂತೆ ಟಕ್ಕನೆ ಕಡ್ಡಿ ಊರುತ್ತಿದ್ದಳು.

ಆ ಆಟದೊಳಗೆ ಒಂದು ಕರಿ ಹಡಗಿತ್ತು. ಅದಕ್ಕೆ ಹಾಯಿ ಇಲ್ಲ, ಮೇಲೆ ಮಂದಿ ಇಲ್ಲ, ಸದ್ದೂ ಇಲ್ಲ. ಯಾವಾಗಲೂ ನಕಾಶೆಯ ಪಡುವಣ ಅಂಚಿನಿಂದ, ಅಂದರೆ ಪರದೆಯ ಎಡಗಡೆಯಿಂದ ಬರುತ್ತಿತ್ತು. ಮೊದಮೊದಲು ಅಕ್ಕ ನನಗಿಂತ ಮುಂಚೆ ಅದನ್ನು ಕಾಣುತ್ತಿದ್ದಳು.

"ಬಂತ್ ನೋಡಬೇ, ನಿನ್ನ ಭಾವನ ಕಬ್ಬಿನ ಟ್ರ್ಯಾಕ್ಟರ್! ದೀಪಿಲ್ಲ, ಹಾರ್ನಿಲ್ಲ."

ಟಕ್ ಟಕ್ ಎಂದು ನಾಲ್ಕಾರು ಗುಂಡು ಬಿದ್ದ ಮೇಲೆ ಅದು ನೀರಿನೊಳಗೆ ಇಳಿದು ಹೋಗುತ್ತಿತ್ತು. ಆದರೆ ಮುಂದಿನ ಸಲ ಹೊರಟಾಗ ಮತ್ತೆ ಬರುತ್ತಿತ್ತು.

ಅದನ್ನು ಪೂರ್ತಿ ತಡೆಯುವ ದಾರಿ ಒಂದು ನಡುಗಡ್ಡೆಯಲ್ಲಿತ್ತು. ಕಲ್ಲಿನ ಗುಡಿಯಂಥ ಕಟ್ಟಡ, ಒಳಗೆ ಒಂದೇ ಒಂದು ದೀಪ. ಕರಿ ಹಡಗು ಆ ದೀಪ ನೋಡಿಯೇ ದಾರಿ ಹಿಡಿಯುತ್ತದಂತೆ. ನಾನು ಓದಿ ಹೇಳಿದೆ.

"ಊದಿ ಆರಸ್ಬೇಕಂತ ಬರದಾರ ಯಕ್ಕಾ."

"ಏನು ಊದಬೇಕು?"

"ದೀಪರಿ."

"ದೀಪಾ?" ಅಕ್ಕ ಕಡ್ಡಿ ಕೆಳಗಿಟ್ಟಳು. "ದೀಪಕ್ಕ ಬಾಯಿ ಹಚ್ಚಂಗಿಲ್ಲ."

ನಮ್ಮ ಮನೆಯಲ್ಲಿ ದೀಪವನ್ನು ಬಾಯಿಂದ ಊದುವುದಿಲ್ಲ. ಉಸಿರು ಎಂಜಲು. ಬತ್ತಿಯನ್ನು ಎಣ್ಣೆಯೊಳಗೆ ಸರಿಸಬೇಕು, ಇಲ್ಲ ಹೂವಿನ ಎಸಳಿನಿಂದ ಒತ್ತಬೇಕು. ಆರಿಸು ಎನ್ನುವ ಮಾತನ್ನೂ ದೇವರ ಮುಂದೆ ಆಡುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಮಗಳು ಸಣ್ಣವಳಿದ್ದಾಗ ಹುಟ್ಟಿದ ದಿನಕ್ಕೆ ಕೇಕ್ ತಂದಿದ್ದೆವು. ಅವಳು ಗಲ್ಲ ಉಬ್ಬಿಸುವಷ್ಟರಲ್ಲಿ ಅಕ್ಕ ಬೆರಳು ನೀರಿಗದ್ದಿ ಅಷ್ಟೂ ಮೊಂಬತ್ತಿಗಳನ್ನು ಚಿವುಟಿಬಿಟ್ಟಿದ್ದಳು. ಆ ಫೋಟೋದಲ್ಲಿ ಹುಡುಗಿ ಅಳುತ್ತಿದ್ದಾಳೆ, ಅಕ್ಕ ಬೆರಳು ಒರೆಸಿಕೊಳ್ಳುತ್ತಿದ್ದಾಳೆ.

ಹಾಗಾಗಿ ಆ ದೀಪಕ್ಕೆ ನಾವು ಬೇರೆ ಬೇರೆ ಉಪಾಯ ಮಾಡಿದೆವು. ಅಕ್ಕ ಕಡ್ಡಿಯಿಂದ ಬತ್ತಿಯನ್ನು ಒತ್ತಿದಳು. ಸೆರಗಿನಿಂದ ಗಾಳಿ ಹಾಕಿದಳು. ಗಾಜಿನ ಮೇಲೆ ಚೆಂಡುಹೂವಿನ ಎಸಳಿಟ್ಟು ಅದರ ಮೇಲೆ ಬೆರಳಿಟ್ಟಳು. ನಾನು ಮೊರದಿಂದ ಬೀಸಿದೆ. ಉರಿ ಸ್ವಲ್ಪ ಬಾಗಿದಂತೆ ಮಾಡಿ ಮತ್ತೆ ನೆಟ್ಟಗೆ ನಿಲ್ಲುತ್ತಿತ್ತು. ಕಡೆಗೆ ಮಗಳಿಗೆ ಫೋನ್ ಹಚ್ಚಿದೆವು.

"ದೊಡ್ಡವ್ವಾ, ಅದಕ್ಕ ಮೈಕ್ ಅದ. ಬಾಯಿ ಹತ್ರ ಹಿಡದು ಊದು. ಅದೇನು ಖರೇ ದೀಪ ಅಲ್ಲ."

"ಖರೇ ಅಲ್ಲಂದ್ರ ಯಾಕ ಉರಿಯಾಕತ್ತದ?"

ಅತ್ತ ಕಡೆಯಿಂದ ಮಗಳು ನಕ್ಕಳು. ಅಕ್ಕ ನಗಲಿಲ್ಲ. "ಆ ಊರು ಬಿಟ್ಟು ಬ್ಯಾರೆ ಕಡಿ ಹೋಗೂಣು ನಡಿ," ಎಂದು ಬೇರೆ ದಿಕ್ಕಿಗೆ ಗೆರೆ ಎಳೆದಳು. ದೀಪ ಉರಿಯುತ್ತಲೇ ಉಳಿಯಿತು. ಕರಿ ಹಡಗು ಬರುತ್ತಲೇ ಇತ್ತು.

ಮೊದಲು ಬದಲಾದದ್ದು ಊಟದ ತಾಟು. ತಾಟಿನ ಎಡಕ್ಕೆ ಚಟ್ನಿ, ಉಪ್ಪಿನಕಾಯಿ ಬಡಿಸುವುದು ರೂಢಿ. ಅಕ್ಕನಿಗೆ ಶೇಂಗಾ ಚಟ್ನಿ ಇಲ್ಲದಿದ್ದರೆ ರೊಟ್ಟಿ ಇಳಿಯುವುದಿಲ್ಲ. ಅಂಥವಳ ತಾಟಿನಲ್ಲಿ ಚಟ್ನಿ ಹಾಕಿದ್ದು ಹಾಕಿದ ಹಾಗೆ ಉಳಿಯತೊಡಗಿತು. ಕೆಲವು ದಿನಗಳಿಂದ ತಲೆನೋವು, ತಲಿಬ್ಯಾನಿ ಎನ್ನುತ್ತಿದ್ದಳು, ಖಾರ ಬಿಟ್ಟಿರಬೇಕು ಎಂದುಕೊಂಡೆ. ಕೇಳಿದರೆ, "ನೀ ಎಲ್ಲಿ ಚಟ್ನಿ ಬಡಿಸೀದಿ?" ಎಂದು ನನ್ನನ್ನೇ ಬೈದಳು. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ತಾಟು ಎತ್ತಿದೆ.

ಆಮೇಲೆ ರೊಟ್ಟಿ. ಅವಳು ತಟ್ಟಿದ ರೊಟ್ಟಿ ಅಳತೆ ಹಿಡಿದಂತೆ ಗುಂಡಗಿರುತ್ತಿತ್ತು. ಈಗ ಒಂದು ಅಂಚು ದಪ್ಪವಾಗಿ ಹಸಿಹಸಿ ಉಳಿಯುತ್ತಿತ್ತು. ಹಿಟ್ಟು ಹಳೆಯದಾಗಿ ಜಿಗಿ ಹೋಗಿದೆ ಎಂದಳು. ಹೊಸ ಜೋಳ ಬೀಸಿಸಿ ತಂದೆವು. ಆಗಲೂ ಅಷ್ಟೇ. ಎಡಗೈಯ ಬಳೆಗಳು ಬಾಗಿಲ ಚೌಕಟ್ಟಿಗೆ ಬಡಿದು ಒಡೆದವು. ಬಳೆಗಾರ ಹೊಸದು ಇಟ್ಟು ಹೋದ ಬೆನ್ನಿಗೇ ಅವೂ ಒಡೆದವು. ಚಳಿಗೆ ಕೈ ಸೆಟೆದಿರಬೇಕು ಎಂದೆ. ಯಂತ್ರ ನೋಡಿ ನೋಡಿಯೇ ತಲಿಬ್ಯಾನಿ ಎಂದು ನಮ್ಮ ಮನೆಯವರು ಅಂದರು. ಪ್ರತಿಯೊಂದಕ್ಕೂ ನಮ್ಮ ಹತ್ತಿರ ಒಂದು ಕಾರಣ ತಯಾರಿತ್ತು. ಅವುಗಳನ್ನೆಲ್ಲ ಒಂದು ಕಡೆ ಇಟ್ಟು ನೋಡುವ ಬುದ್ಧಿ ಯಾರಿಗೂ ಬರಲಿಲ್ಲ.

ಹಡಗು ಒಡೆಯತೊಡಗಿದ್ದು ಆಗಲೇ. ಒಂದು ಮಧ್ಯಾಹ್ನ ತೊಗರಿಬೇಳೆ ಬಿಸಿಲಿಗೆ ಹರವಿ ಬಂದು ಅವಳ ಪಕ್ಕ ಕೂತೆ. ಮುಂಚೆ ಯಂತ್ರವನ್ನು ಎಡ ಅಂಗೈಯಲ್ಲಿ ಹಿಡಿಯುತ್ತಿದ್ದಳು. ಈಗ ತೊಡೆಯ ಮೇಲೆ ದಿಂಬಿಟ್ಟುಕೊಂಡು ಅದರ ಮೇಲೆ ಇಟ್ಟಿದ್ದಳು. ಗೆರೆ ಎಳೆದಳು. ಎಡಕ್ಕೆ ಸಾಲಾಗಿ ಬಂಡೆಗಳಿದ್ದವು. ಗೆರೆ ನೇರ ಅವುಗಳ ಮೈಮೇಲೆ ಹೋಯಿತು.

"ಯಕ್ಕಾ, ಎಡಕ್ಕ ಬಂಡೆಗಲ್ಲ ಅದಾವರಿ!"

"ಎಲ್ಲಿ ಬೇ?"

"ಅಲ್ಲೇ ರಿ, ಕಣ್ಣ ಮುಂದ."

"ಕಣ್ಣ ಮುಂದ ನೀರದ."

ಹಡಗು ಬಡಿದು ಒಡೆಯಿತು. ಒಡೆದರೆ ಮತ್ತೆ ಬಂದರಿನಿಂದಲೇ ಹೊರಡಬೇಕು. ಹೊರಟಳು. ಈ ಸಲ ಎಡ ಅಂಚಿನಿಂದ ಕರಿ ಹಡಗು ಬಂತು. ನಿಧಾನವಾಗಿ, ತನಗೇನೂ ಅವಸರವಿಲ್ಲ ಎಂಬಂತೆ ಹತ್ತಿರ ಹತ್ತಿರ ಬಂತು. ಅಕ್ಕ ಅದರತ್ತ ತಿರುಗಲಿಲ್ಲ. ಅವಳ ಕಡ್ಡಿ ಬಲಗಡೆಯ ಖಾಲಿ ನೀರಿನ ಮೇಲೆ ಓಡಾಡುತ್ತಿತ್ತು. ಮುಖದಲ್ಲಿ ಭಯವಿಲ್ಲ, ಗಾಬರಿ ಇಲ್ಲ, ಹಾಡೊಂದನ್ನು ಗುನುಗುತ್ತಿದ್ದಳು.

ಹಡಗು ಮುಳುಗಿದ ಮೇಲೆ ಯಂತ್ರವನ್ನು ಅಲುಗಾಡಿಸಿ ನೋಡಿ, "ಇದರ ಎಡಗಡಿ ಸತ್ತದ ಬೇ," ಎಂದಳು.

ಎಡಗಡೆ ಸತ್ತ ಯಂತ್ರವನ್ನು ರಿಪೇರಿಗೆ ಒಯ್ದೆವು. ಬಸ್‌ಸ್ಟ್ಯಾಂಡ್ ಹತ್ತಿರ ಮೊಬೈಲ್ ರಿಪೇರಿ ಮಾಡುವ ಸಾಬರ ಅಂಗಡಿ ಇದೆ. ಅವರು ಗಾಜು ಒರೆಸಿ, ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಗೆರೆ ಎಳೆದು ನೋಡಿದರು. ಹಡಗು ಹೇಳಿದಲ್ಲಿಗೆ ಹೋಯಿತು.

"ಟಚ್ ಬರಾಬರ್ ಅದ್ರಿ ಅಕ್ಕಾರ. ಖರಾಬ್ ಏನೂ ಆಗಿಲ್ಲ."

"ನಮ್ಮ ಮನ್ಯಾಗ ನಡ್ಯಂಗಿಲ್ಲಲ್ಲಪ್ಪಾ?" ಎಂದಳು ಅಕ್ಕ.

"ಅದಕ್ಕ ನಿಮ್ಮ ಮನಿ ಬ್ಯಾಸರಾಗಿರಬೇಕು, ಹವಾ ಬದಲ್ ಕೇಳ್ತದ," ಎಂದು ನಗುತ್ತ ಅವರು ಯಂತ್ರವನ್ನು ಅವಳ ಎಡಗೈಗೆ ಕೊಟ್ಟರು. ಕೈ ಮುಚ್ಚಿಕೊಳ್ಳಲಿಲ್ಲ. ಕೆಳಗೆ ಬೀಳುವಷ್ಟರಲ್ಲಿ ಅವರೇ ಹಿಡಿದರು. "ಸಂಭಾಳ್ಸಿ ಹಿಡೀರಿ ಅಕ್ಕಾರ."

"ನೀ ಸರಿ ಕೊಡಲಿಲ್ಲಪ್ಪಾ," ಎಂದು ಅಕ್ಕ ಬಲಗೈ ಚಾಚಿದಳು.

ಮನೆಗೆ ಬಂದು ನಾನೊಮ್ಮೆ ಗೆರೆ ಎಳೆದು ನೋಡಿದೆ. ನನ್ನ ಹಡಗು ಬಂಡೆಗಳನ್ನು ಬಳಸಿ ದಾಟಿತು. ಕರಿ ಹಡಗು ಎಡದಿಂದ ಬಂದದ್ದೂ ಕಂಡಿತು. ಅಕ್ಕನಿಗೆ ತೋರಿಸಿದೆ. "ಹೌದು ಬಿಡು. ಮಷಿನ್ ಸೈತ ಸಣ್ಣ ಸೊಸಿ ಕಡೀಗೇ," ಎಂದು ಮುಖ ತಿರುಗಿಸಿದಳು. ನಾನೂ ನಕ್ಕೆ. ಆದರೆ ಅಂದಿನಿಂದ ನನಗೆ ಹಡಗಿನ ಆಟ ನೋಡುವುದು ತಪ್ಪಿ ಅಕ್ಕನ ಮುಖ ನೋಡುವುದು ಅಭ್ಯಾಸವಾಯಿತು.

ಪಕ್ಕದ ಮನೆಯ ಅಜ್ಜಿ ಬಂದು ನೋಡಿ, "ದೃಷ್ಟಿ ಆಗ್ಯಾದ, ಅಮಾಸಿಗೆ ಘತ್ತರಗಿಗೆ ಹೋಗಿ ಭಾಗ್ಯವಂತಿ ದರ್ಶನ ತಗೊಂಡು ಬರ್ರಿ" ಎಂದಳು. ಆ ಅಮಾವಾಸ್ಯೆಗೆ ಹೊರಟೆವು. ಅಫಜಲಪುರದಲ್ಲಿ ಭಾವ ಬಂದು ಕೂಡಿಕೊಂಡರು. ಅಂಗಿಯ ಮೇಲೆಲ್ಲ ಕಾರ್ಖಾನೆಯ ಕರಿ ಬೂದಿ. ಗುಡಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಮಂದಿ. ಅಕ್ಕನ ಎಡಭುಜ ಎದುರು ಬಂದವರಿಗೆಲ್ಲ ಬಡಿಯುತ್ತಿತ್ತು. ಒಬ್ಬಾಕೆ ಸಿಟ್ಟಿಗೆದ್ದು, "ಕಣ್ಣ ಕಾಣಂಗಿಲ್ಲೇನಬೇ?" ಎಂದಳು. ಅಕ್ಕ ಯಾರಿಗೋ ಅಂದಳೆಂದು ಮುಂದೆ ನಡೆದಳು.

ದರ್ಶನ ಮುಗಿಸಿ, ಚಪ್ಪಲಿ ಹಾಕಿಕೊಂಡು ಭೀಮಾ ಹೊಳೆಯ ಕಡೆ ಹೋದೆವು. ನೀರು ಅಲುಗದೆ ನಿಂತಿತ್ತು. ಬಿಸಿಲಿಗೆ ಕಲ್ಲು ಕಾದಿದ್ದವು. ಮುಂದೆ ಹೋಗುತ್ತಿದ್ದ ಅಕ್ಕನ ಕಾಲು ನೋಡಿ ನಾನು ನಿಂತುಬಿಟ್ಟೆ. ಬಲಗಾಲಿನಲ್ಲಿ ಚಪ್ಪಲಿ ಇತ್ತು. ಎಡಗಾಲು ಬರಿದು.

"ಯಕ್ಕಾ, ಚಪ್ಪಲ್ ಎಲ್ರಿ?"

"ಕಾಲಾಗ."

"ಇನ್ನೊಂದು ರಿ?"

ಅವಳು ಕೆಳಗೆ ನೋಡಿದಳು. ಬಲಗಾಲನ್ನು ತೋರಿಸಿ, "ಐತಲ್ಲ," ಎಂದಳು.

ಭಾವ ಜೋರಾಗಿ ನಕ್ಕರು. ಹಿಂದೆ ಹೋಗಿ ನೋಡಿದರೆ ಬಹಳ ದೂರದಲ್ಲಿ ಆ ಚಪ್ಪಲಿ ದಾರಿಯ ನಡುವೆ ಬಿದ್ದಿತ್ತು. ಅಷ್ಟು ದೂರ ಕಾದ ಕಲ್ಲಿನ ಮೇಲೆ ಅವಳು ಬರಿಗಾಲಲ್ಲಿ ನಡೆದು ಬಂದಿದ್ದಳು. ಚಪ್ಪಲಿ ಎತ್ತಿಕೊಂಡು ಬಂದ ಭಾವನ ಮುಖದಲ್ಲಿ ನಗು ಉಳಿದಿರಲಿಲ್ಲ.

"ಅಫಜಲಪುರದಾಗ ಡಾಕ್ಟರ್‌ಗೆ ಒಂದ್ಸಲ ತೋರ್ಸೂಣೇನು?"

"ಚಪ್ಪಲ್ ಬಿತ್ತಂತ ಯಾರಾರ ಡಾಕ್ಟರ್ ಕಡಿ ಹೋಗ್ತಾರೇನು? ಚಮ್ಮಾರನ ಕಡಿ ಹೋಗ್ತಾರ. ಅಂಗುಟ ಸಡ್ಲಾಗ್ಯಾದ, ಹೊಲಿಸ್ರಿ."

ಅವಳ ಮಾತಿನ ಮುಂದೆ ನಾವ್ಯಾರೂ ಯಾವತ್ತೂ ಗೆದ್ದವರಲ್ಲ. ಚಪ್ಪಲಿಯ ಅಂಗುಟದ ಪಟ್ಟಿ ಹೊಲಿಸಿಕೊಂಡು ಆಳಂದಕ್ಕೆ ಬಂದೆವು. ನಾನು ಮನೆಯವರಿಗೆ ಹೇಳಿದೆ. "ಕಾರ್ಖಾನಿ ಹಂಗಾಮು ಮುಗಿಯಾಕ ಬಂದದ. ಅಣ್ಣ ಬಂದ ಮ್ಯಾಲೆ ಎಲ್ಲಾರೂ ಕೂಡಿ ಕಲಬುರಗಿಗೆ ಹೋಗೂಣು," ಎಂದರು. ಅದೂ ಸರಿ ಅನಿಸಿತು. ದಿನಗಳು ಹೋದವು. ಅಕ್ಕನಿಗೆ ಹಗಲಿನಲ್ಲೂ ತೂಕಡಿಕೆ ಬರತೊಡಗಿತು. ಒಲೆಯ ಮುಂದೆ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದಳು. ಎಚ್ಚರಾದಾಗ ಮೊದಲು ಕೇಳುತ್ತಿದ್ದುದು ಯಂತ್ರವನ್ನೇ.

ಆ ಮಧ್ಯಾಹ್ನ ನಾನು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದೆ. ಅಕ್ಕನ ಹಡಗು ಮತ್ತೆ ಮುಳುಗಿತು. ಕಡ್ಡಿಯನ್ನು ದಿಂಬಿನ ಮೇಲಿಟ್ಟಳು.

"ಆ ದೀಪ ಶಾಂತ ಆಗೂತನ ಅದು ನಮ್ಮನ್ನ ಬಿಡಂಗಿಲ್ಲ ಬೇ."

ನಾನು ಗೆರೆ ಎಳೆದು ಹಡಗನ್ನು ಆ ನಡುಗಡ್ಡೆಗೆ ಒಯ್ದು ಕೊಟ್ಟೆ. ಕಲ್ಲಿನ ಗುಡಿಯೊಳಗೆ ಉರಿ ನೆಟ್ಟಗೆ ನಿಂತಿತ್ತು.

"ದೀಪ ಅನಬ್ಯಾಡ್ರಿ," ಎಂದೆ. "ಒಲಿ ಅಂತ ತಿಳ್ಕೊಂಡು ಊದ್ರಿ. ಒಲಿ ದಿನಾ ಊದಂಗಿಲ್ಲೇನು?"

ಅವಳು ಯೋಚಿಸಿದಳು. "ಒಲಿ ಊದೂದು ಹತ್ತಲಿ ಅಂತ."

"ಹತ್ತಲಿ ಅಂತಲೇ ಊದ್ರಿ. ಆರಿದ್ರ ಅದರ ಹಣೇಬಾರ."

"ಭಾರಿ ಶಾಣ್ಯಾಕಿ ಇದ್ದೀ," ಎಂದು ಯಂತ್ರಕ್ಕೆ ನಮಸ್ಕಾರ ಮಾಡಿದಳು. ಬಲಗೈ ಒಂದೇ ಎದೆಯ ಮಟ್ಟಕ್ಕೆ ಬಂತು. ಎಡಗೈ ದಿಂಬಿನ ಮೇಲೆ ಯಾರೋ ಬಿಟ್ಟುಹೋದ ವಸ್ತುವಿನಂತೆ ಬಿದ್ದಿತ್ತು. ನಾನು ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸಿದೆ. ಅವಳು ಬಗ್ಗಿ ಉಸಿರು ತುಂಬಿಕೊಂಡಳು. ಬಲಗಲ್ಲ ಪೂರಿಯಂತೆ ಉಬ್ಬಿತು. ಎಡಗಲ್ಲ ಉಬ್ಬಲಿಲ್ಲ. ತುಟಿಯ ಎಡ ಮೂಲೆಯಿಂದ ಪಸ್ ಎಂದು ಗಾಳಿ ಸೋರಿತು, ಅದರ ಜೊತೆ ಒಂದು ಹನಿ ಜೊಲ್ಲು. ಉರಿ ಬಾಗಿ ಮತ್ತೆ ನಿಂತಿತು. ಇನ್ನೊಮ್ಮೆ ಊದಿದಳು. ಮತ್ತೆ ಅದೇ. ತನ್ನ ಊದುವಿಕೆಗೆ ತಾನೇ ನಕ್ಕಳು. ನಗು ಮುಖದ ಒಂದೇ ಕಡೆ ಏರಿತು.

ಆ ಮುಖ ನನಗೆ ಗೊತ್ತಿತ್ತು. ನನ್ನ ಸೋದರಮಾವನಿಗೆ ಲಕ್ವಾ ಹೊಡೆದಾಗ ನೋಡಿದ್ದೆ. ಸುಮ್ಮನೆ ಮಾತಾಡುವಾಗ ಕಾಣದಿದ್ದದ್ದು, ದಿನವೂ ಎದುರು ಕೂತು ಉಣ್ಣುವಾಗ ಕಾಣದಿದ್ದದ್ದು, ಊದಿದಾಗ ಕಂಡಿತು.

"ಯಕ್ಕಾ, ನನ್ನ ಎರಡೂ ಕೈ ಹಿಡೀರಿ."

ಅವಳು ಬಲಗೈಯಿಂದ ನನ್ನ ಒಂದು ಕೈ ಹಿಡಿದಳು.

"ಎರಡೂ ರಿ."

"ಎರಡೂ ಹಿಡದೀನಲ್ಲ ಬೇ," ಎಂದಳು ಅಕ್ಕ, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಪೂರ್ಣ ನಂಬಿಕೆಯಿಂದ.

ನಾನು ಮೆಟ್ಟಿಲ ಮೇಲಿನಿಂದಲೇ ಕೂಗಿದೆ. ಮನೆಯವರು ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಶಟರನ್ನು ಪೂರ್ತಿ ಎಳೆದರು. ಆ ಸದ್ದಿಗೆ ಅಕ್ಕ ಬೆಚ್ಚಿದಳು. ಯಂತ್ರವನ್ನು ಮುಚ್ಚಿ ಮಾಡದಲ್ಲಿಟ್ಟೆ. ಹಾಗೆ ಮುಚ್ಚಿದರೆ ಅದು ನಿದ್ದೆ ಹೋಗುತ್ತದೆ, ತೆರೆದಾಗ ಬಿಟ್ಟಲ್ಲಿಂದಲೇ ಎದ್ದೇಳುತ್ತದೆ ಎಂದು ಮಗಳು ಹೇಳಿದ್ದಳು. ಪಕ್ಕದ ಮನೆಯವರ ಗಾಡಿಯಲ್ಲಿ ಕಲಬುರಗಿಗೆ ಹೊರಟೆವು. ದಾರಿಯುದ್ದಕ್ಕೂ ಕೊಯ್ದ ತೊಗರಿ ಹೊಲಗಳು ಕರಿದಾಗಿ ಬಿದ್ದಿದ್ದವು. ಅಕ್ಕ ನನ್ನ ಭುಜಕ್ಕೆ ಒರಗಿಕೊಂಡು ತೂಕಡಿಸುತ್ತಿದ್ದಳು. ನಾನು ಬಿಡದೆ ಮಾತಾಡಿಸುತ್ತಿದ್ದೆ.

"ಯಕ್ಕಾ, ಮಲಗಬ್ಯಾಡ್ರಿ. ನಿಮ್ಮ ತವರಿನ ಹೊಳಿ ಸುದ್ದಿ ಹೇಳ್ರಿ."

"ಹೊಳಿ ಎಲ್ಲದ? ಬಲಕ್ಕ ಬರೇ ದಂಡಿ ಅದ," ಎಂದಳು. ಆಮೇಲೆ ಮಾತಾಡಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಮಾಡಿದರು. ಡಾಕ್ಟರಮ್ಮ ಹೊರಗೆ ಬಂದು, ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತೇ ಎಂದು ಕೇಳಿದರು. "ಇಲ್ರಿ," ಎಂದೆವು ಇಬ್ಬರೂ ಒಂದೇ ಉಸಿರಿಗೆ. ಅವರು ಮತ್ತೆ ಕೇಳಿದರು. ಒಂದೆರಡು ತಿಂಗಳ ಹಿಂದೆ? ಸಣ್ಣ ಪೆಟ್ಟಾದರೂ? ನಮ್ಮ ಮನೆಯವರು ನನ್ನ ಕಡೆ ತಿರುಗಿದರು.

"ಎಳ್ಳ ಅಮಾಸಿ," ಎಂದರು ನನಗಷ್ಟೇ ಕೇಳುವಂತೆ. "ಶಟರ್."

ಡಾಕ್ಟರಮ್ಮ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಬಿಳಿ ತಲೆಬುರುಡೆಯ ಎಡ ಅಂಚಿನಲ್ಲಿ, ಒಳಗಿನಿಂದ ಅಂಟಿಕೊಂಡು, ದೋಣಿಯ ಆಕಾರದ ಒಂದು ಕಪ್ಪು. ಅದು ಮೆದುಳನ್ನು ಇನ್ನೊಂದು ಬದಿಗೆ ನೂಕಿತ್ತು. ನಾನು, "ಎಡಗಡಿ ರಿ?" ಎಂದೆ. ಅಲ್ಲ, ಈ ಚಿತ್ರವನ್ನು ತಿರುವುಮುರುವಾಗಿ ಓದಬೇಕು, ರಕ್ತ ತುಂಬಿರುವುದು ತಲೆಯ ಬಲಕ್ಕೆ, ಅದು ಕೆಡಿಸುವುದು ಮೈಯ ಎಡಭಾಗವನ್ನು ಎಂದರು. ಎಡಗಡೆ ಎಂಬುದೊಂದು ಇದೆ ಎನ್ನುವುದೇ ರೋಗಿಗೆ ಮರೆತುಹೋಗುತ್ತದಂತೆ. ಪೆಟ್ಟು ಬಿದ್ದ ದಿನ ಏನೂ ಅನಿಸುವುದಿಲ್ಲ, ಒಳಗೆ ವಾರಗಟ್ಟಲೆ ಜಿನುಗುತ್ತದೆ. ಇನ್ನು ತಡ ಮಾಡುವಂತಿಲ್ಲ, ಈಗಲೇ ತೂತು ಕೊರೆದು ತೆಗೆಯಬೇಕು. ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನನ್ನ ಕಣ್ಣ ಮುಂದೆ ಸದ್ದಿಲ್ಲದ, ಹಾಯಿಯಿಲ್ಲದ ಅದೇ ಹಡಗು. ಅಷ್ಟು ದಿನ ಅದು ಬರುತ್ತಲೇ ಇತ್ತು.

ಹವಳಗಾದಿಂದ ಭಾವ, ಕಡಗಂಚಿಯಿಂದ ಮಗಳು ಬಂದರು. ಆಪರೇಷನ್ ಕೋಣೆಯ ಬಾಗಿಲ ಮೇಲೆ ಒಂದು ಕೆಂಪು ದೀಪ ಹತ್ತಿತ್ತು. ಭಾವ ಅದನ್ನೇ ನೋಡುತ್ತ ಕೂತಿದ್ದರು.

"ಅದು ಆರಿದ್ರ ಛಲೋನೋ, ಕೆಟ್ಟೋ?" ಎಂದು ಕೇಳಿದರು. ಮಗಳು ನನ್ನ ಸೆರಗು ಹಿಡಿದುಕೊಂಡು, "ಊದು ಊದು ಅಂತ ನಾ ಅವತ್ತೇ ಹಟ ಹಿಡೀಬೇಕಿತ್ತವ್ವಾ," ಎಂದಳು. ಅಂದು ಊದಿದ್ದರೆ ಎರಡು ಗಲ್ಲವೂ ಉಬ್ಬುತ್ತಿದ್ದವೋ ಏನೋ, ಯಾರು ಹೇಳಬಲ್ಲರು?

ಕೆಂಪು ದೀಪ ಆರಿತು. ಅಕ್ಕ ಉಳಿದಳು.

ಅರ್ಧ ತಲೆ ಬೋಳಾಗಿ, ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವಳ ಎಡಗಡೆ ನಿಂತು ನಾನು ಕರೆದೆ. ಕುತ್ತಿಗೆ ನಿಧಾನವಾಗಿ ತಿರುಗಿತು. "ಯಾಕಬೇ ಒದರ್ತೀ, ಕಾಣಾಕತ್ತೀದಿ," ಎಂದಳು. ನಾನು ಅವಳ ಎಡಗೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಒಂದು ಮಾತು ಹೇಳಿದರು. ಇದು ಕೆಲವರಿಗೆ ಮತ್ತೆ ತುಂಬಿಕೊಳ್ಳುತ್ತದೆ. ಲಕ್ಷ್ಯ ಇಟ್ಟಿರಿ.

ಮಳೆಗಾಲ ಶುರುವಾಗುವ ಹೊತ್ತಿಗೆ ಅಕ್ಕ ಮತ್ತೆ ರೊಟ್ಟಿ ತಟ್ಟತೊಡಗಿದಳು. ಅಂಗಡಿಯ ಶಟರನ್ನು ನಮ್ಮ ಮನೆಯವರು ಈಗ ಅರ್ಧಕ್ಕೆ ಬಿಡುವುದಿಲ್ಲ. ಪೂರ್ತಿ ಮೇಲೆ, ಇಲ್ಲ ಪೂರ್ತಿ ಕೆಳಗೆ. ಒಂದು ಮಧ್ಯಾಹ್ನ ಅಕ್ಕ ತಾನಾಗಿಯೇ ಮಾಡಕ್ಕೆ ಕೈ ಹಾಕಿ ಯಂತ್ರ ತೆಗೆದಳು. ತೆರೆದರೆ ಅದು ಎಂದೋ ಪೂರ್ತಿ ಆರಿಹೋಗಿತ್ತು, ಚಾರ್ಜಿಗೆ ಹಾಕಿದೆವು. ಬಂದರಿನಿಂದ ಹೊಸದಾಗಿ ಹೊರಟು, ಬಂಡೆಗಳನ್ನು ಬಳಸಿ, ಗುಡಿಯ ನಡುಗಡ್ಡೆ ಸೇರಿದಳು. ದೀಪ ಉರಿಯುತ್ತಿತ್ತು. ರಜೆಗೆ ಬಂದಿದ್ದ ಮಗಳು ಉತ್ಸಾಹದಿಂದ, "ಈಗ ಊದು ದೊಡ್ಡವ್ವಾ! ಊದಿದ್ರ ಆ ಹಡಗು ಇನ್ನ ಬರಂಗಿಲ್ಲ," ಎಂದಳು.

ಅಕ್ಕ ಉರಿಯನ್ನು ಸ್ವಲ್ಪ ಹೊತ್ತು ನೋಡಿದಳು.

"ಇರಲಿ ಬಿಡು, ಉರೀಲಿ. ಬಂದ್ರ ಬರಲಿ ಅದು. ಈಗ ಕಾಣ್ತದಲ್ಲ."

ಅವಳು ಹಾಗೆ ಧೈರ್ಯದಿಂದ ಅನ್ನುತ್ತಾಳೆ. ನನಗೆ ಆಗುವುದಿಲ್ಲ. ಈಗಲೂ ದಿನವೂ ಅವಳ ತಾಟು ಬಡಿಸುವವಳು ನಾನೇ. ಅನ್ನ, ಪಲ್ಯ, ರೊಟ್ಟಿ ಎಲ್ಲ ಬಡಿಸಿದ ಮೇಲೆ ಕಡೆಗೆ ಎಡಕ್ಕೆ ಒಂದು ಚಮಚ ಶೇಂಗಾ ಚಟ್ನಿ ಹಾಕಿ, ಎದುರಿಗೆ ನನ್ನ ತಾಟು ಇಟ್ಟುಕೊಂಡು ಕೂರುತ್ತೇನೆ. "ಯಾಕಬೇ, ಉಣ್ಣಂಗಿಲ್ಲೇನು?" ಎಂದು ಅವಳು ಕೇಳುತ್ತಾಳೆ. "ಬಿಸಿ ಅದರಿ, ಆರಲಿ," ಎನ್ನುತ್ತೇನೆ. ಅವಳ ಕೈ ತಾಟಿನ ಎಡಕ್ಕೆ ಹೋಗಿ ಚಟ್ನಿ ಮುಟ್ಟುವವರೆಗೆ ನನ್ನ ರೊಟ್ಟಿ ನಾನು ಮುರಿಯುವುದಿಲ್ಲ.